ತಾತನ ಹೆಸರಿಗೆ ಫಾರಂನಲ್ಲಿ ಜಾಗ ಎಲ್ಲಿ?

ಜನನ ಪ್ರಮಾಣಪತ್ರದಲ್ಲಿ ಒಮ್ಮೆ ಬರೆಸಿದ ಮಗುವಿನ ಹೆಸರನ್ನು ಆಮೇಲೆ ಬದಲಾಯಿಸಬಹುದೇ? ಈ ಪ್ರಶ್ನೆಗೆ ಎರಡು ಥರದ ಉತ್ತರ ಓಡಾಡುತ್ತಿದೆ. "ಹೊಸ ಕಾನೂನು ಬಂದಿದೆ, ಇನ್ನು ಒಂದಕ್ಷರ ಕೂಡ ಅಲ್ಲಾಡಲ್ಲ" ಎನ್ನುತ್ತಾರೆ ಕೆಲವರು. "ಹೈಕೋರ್ಟೇ ಹೇಳಿದೆ, ಅಫಿಡವಿಟ್ ಕೊಟ್ಟರೆ ಮುಗೀತು" ಎನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ಅರ್ಧರ್ಧ ನಿಜ ಇದೆ. ಗೊಂದಲ ಜಾಸ್ತಿ ಆಗುವುದೇ ಅದರಿಂದ.

ಪ್ರಶ್ನೆ ಬಂದು ನಿಲ್ಲುವುದು ಕಚೇರಿಯ ಕೌಂಟರಿನಲ್ಲಾದರೂ ಹುಟ್ಟುವುದು ಮನೆಯಲ್ಲೇ. ತೀರಿಕೊಂಡ ತಾತನ ಹೆಸರೇ ಆಗಬೇಕು ಎಂದು ಅಪ್ಪನ ಕಡೆಯವರು ಹೇಳುತ್ತಾರೆ. ನಕ್ಷತ್ರದ ಪ್ರಕಾರ 'ಚೋ' ಬಂದಿದೆ ಎಂದು ಜೋಯಿಸರು ಚೀಟಿ ಬರೆದುಕೊಡುತ್ತಾರೆ. ಎರಡಕ್ಷರದ, ಕ್ಲಾಸಿನಲ್ಲಿ ಇನ್ಯಾರಿಗೂ ಇರದ ಹೆಸರು ಬೇಕು ಎಂದು ತಾಯಿ ಆಗಲೇ ಒಂದು ಪಟ್ಟಿ ಮಾಡಿಟ್ಟುಕೊಂಡಿರುತ್ತಾಳೆ. ಈ ಎಳೆದಾಟ ಹೊಸದೇನಲ್ಲ. ಹಿಂದೆ ಮೂರೂ ಕಡೆಯವರನ್ನು ಸಮಾಧಾನ ಮಾಡುವ ದಾರಿ ಸಂಪ್ರದಾಯದ ಒಳಗೇ ಇತ್ತು. ಆ ದಾರಿ ಈಗ ಕಿರಿದಾಗುತ್ತಿದೆ. ಹೇಗೆ ಎಂದು ನೋಡೋಣ.

ಮುಮ್ಮಡಿ, ನಾಲ್ವಡಿ ಅಂದರೆ ಏನು?

ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ತೀರಾ ಹಳೆಯ ಪದ್ಧತಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಪತಂಜಲಿ ತನ್ನ ಮಹಾಭಾಷ್ಯದಲ್ಲಿ, ವ್ಯಾಕರಣ ಕಲಿತರೆ ಏನು ಉಪಯೋಗ ಎಂದು ವಿವರಿಸುವಾಗ ಹೆಸರಿಡುವ ಮಾತು ಎತ್ತುತ್ತಾನೆ. ಮಗು ಹುಟ್ಟಿ ಹತ್ತು ದಿನ ಕಳೆದ ಮೇಲೆ ಹೆಸರಿಡಬೇಕು. ಅದು ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಿರಬೇಕು. ಶತ್ರುಗಳಲ್ಲಿ ನಡೆಯುತ್ತಿರುವ ಹೆಸರಾಗಿರಬಾರದು. ಎರಡೋ ನಾಲ್ಕೋ ಅಕ್ಷರ ಇರಬೇಕು. ಅಕ್ಷರದ ಲೆಕ್ಕಕ್ಕೆ ವ್ಯಾಕರಣ ಬೇಕು ಅನ್ನುವುದು ಅಲ್ಲಿನ ವಾದ. ಆದರೆ ಮೂರು ತಲೆಮಾರಿನ ಲೆಕ್ಕ ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ ಎನ್ನುವುದೂ ಅದರಿಂದ ತಿಳಿಯುತ್ತದೆ.

ನಮ್ಮ ರಾಜಮನೆತನಗಳನ್ನೇ ನೋಡಿ. ಹೊಯ್ಸಳ ವಿಷ್ಣುವರ್ಧನನ ಮಗ ಒಂದನೇ ನರಸಿಂಹ. ಅವನ ಮಗ ಎರಡನೇ ಬಲ್ಲಾಳ. ಬಲ್ಲಾಳನ ಮಗ ಎರಡನೇ ನರಸಿಂಹ, ಅಂದರೆ ತಾತನ ಹೆಸರು. ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಗ ಮತ್ತೆ ನರಸಿಂಹ, ಇವನಿಗೂ ತಾತನದೇ ಹೆಸರು. ಮೈಸೂರಿನಲ್ಲೂ ಅಷ್ಟೇ. ಖಾಸಾ ಚಾಮರಾಜ ಒಡೆಯರ ಮಗ ಮುಮ್ಮಡಿ ಕೃಷ್ಣರಾಜ. ಅವರು ದತ್ತು ತೆಗೆದುಕೊಂಡದ್ದು ಹತ್ತನೇ ಚಾಮರಾಜರನ್ನು. ಚಾಮರಾಜರ ಮಗ ನಾಲ್ವಡಿ ಕೃಷ್ಣರಾಜ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಹೆಸರು ಮರಳಿ ಬರುತ್ತದೆ. ಶಾಲೆಯಲ್ಲಿ ಇತಿಹಾಸ ಓದುವಾಗ ತಲೆ ತಿರುಗಿಸುತ್ತಿದ್ದದ್ದು ಇದೇ ಅಲ್ವಾ? 'ಮುಮ್ಮಡಿ' ಅಂದರೆ ಮೂರನೆಯ, 'ನಾಲ್ವಡಿ' ಅಂದರೆ ನಾಲ್ಕನೆಯ. ಈ ಪದಗಳು ಬೇಕಾದದ್ದೇ ಹೆಸರು ಹೀಗೆ ಸುತ್ತು ಹೊಡೆಯುತ್ತಿದ್ದುದರಿಂದ.

ತಮಿಳಿನಲ್ಲಿ ಮೊಮ್ಮಗನನ್ನು 'ಪೇರನ್' ಎನ್ನುತ್ತಾರೆ. 'ಪೆಯರ್' ಎಂದರೆ ಹೆಸರು, ನಮ್ಮ ಹಳಗನ್ನಡದ 'ಪೆಸರ್' ಇದರ ಒಡಹುಟ್ಟು. 'ಪೇರನ್' ಅಂದರೆ ಹೆಸರು ಹೊತ್ತವನು. ಅಲ್ಲಿ ಮೊಮ್ಮಗ ಅನ್ನುವ ಸಂಬಂಧಕ್ಕೇ ತಾತನ ಹೆಸರು ಅಂಟಿಕೊಂಡಿದೆ.

ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ, ಗೌಡ ಸಾರಸ್ವತರಲ್ಲಿ, ಹಳೆ ಮೈಸೂರಿನ ಒಕ್ಕಲು ಮನೆಗಳಲ್ಲಿ ಈ ಪದ್ಧತಿಯ ಬೇರೆ ಬೇರೆ ರೂಪ ಕಾಣುತ್ತದೆ. ಸಾಮಾನ್ಯ ಲೆಕ್ಕ ಇದು: ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು. ಹೆಣ್ಣು ಮಕ್ಕಳಿಗೆ ಅಜ್ಜಿಯರದು. ನಾಲ್ಕೈದು ಮಕ್ಕಳಿದ್ದ ಕಾಲದಲ್ಲಿ ಎಲ್ಲ ಹಿರಿಯರಿಗೂ ಸರದಿ ಬರುತ್ತಿತ್ತು. ಈಗ ಮನೆಗೆ ಒಂದೋ ಎರಡೋ ಮಗು. ಒಂದು ಮಗು, ನಾಲ್ಕು ಜನ ಅಜ್ಜ ಅಜ್ಜಿ. ಜಗಳ ಬಿಗಿಯಾಗಲು ಮೊದಲ ಕಾರಣ ಈ ಲೆಕ್ಕವೇ, ಕಾನೂನು ಆಮೇಲೆ.

ಒಂದು ಮಗು, ನಾಲ್ಕು ಹೆಸರು

ಹಳೆಯ ಪದ್ಧತಿಯಲ್ಲಿ ಮಗುವಿಗೆ ಒಂದೇ ಹೆಸರು ಇರುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮನೆದೇವರ ಹೆಸರು, ಹಿರಿಯರ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಎಲ್ಲವನ್ನೂ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಒಂದಾದ ಮೇಲೊಂದು ಹೇಳುತ್ತಾಳೆ. ಪುರೋಹಿತರು ಬರುವ ಮನೆಯಾದರೆ ಅಕ್ಕಿಯ ಮೇಲೆ ಬರೆಸುತ್ತಾರೆ. ಯಾರ ಮಾತೂ ಬೀಳುವುದಿಲ್ಲ.

ಕರೆಯುವ ಹೆಸರು ಬೇರೆ ಇರಲು ಇನ್ನೊಂದು ಗಟ್ಟಿ ಕಾರಣವಿತ್ತು. ಸೊಸೆ ಮಾವನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮಗನಿಗೆ ಮಾವನ ಹೆಸರೇ ಇಟ್ಟರೆ ಅವನನ್ನು ಕೂಗುವುದು ಹೇಗೆ? ಬೈಯುವುದಂತೂ ದೂರದ ಮಾತು. ಹಾಗಾಗಿ ಅವನು ಪುಟ್ಟ, ಅಪ್ಪು, ಅಣ್ಣಯ್ಯ, ತಾತಪ್ಪ ಆಗುತ್ತಿದ್ದ. ತಾತನ ಹೆಸರು ಲಗ್ನಪತ್ರಿಕೆಗೆ, ಸಂಕಲ್ಪಕ್ಕೆ, ಪಹಣಿಗೆ. ಕರೆಯುವ ಹೆಸರು ಊರಿಗೆಲ್ಲ.

ಇದು ಸುಮ್ನೆ ಮುದ್ದಿಗೆ ಇಟ್ಟುಕೊಂಡ ಏರ್ಪಾಡಲ್ಲ. ಗೌರವ, ನಂಬಿಕೆ, ಪ್ರೀತಿ ಮೂರಕ್ಕೂ ಬೇರೆ ಬೇರೆ ಹೆಸರಿದ್ದುದರಿಂದ ಮೂರೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರಲಿಲ್ಲ.

ಆಮೇಲೆ ಶಾಲೆ ಬಂತು. ಅದು ಒಂದು ರೀತಿಯಲ್ಲಿ ಎರಡನೇ ನಾಮಕರಣ. ಮನೆಯಲ್ಲಿ ನಾಲ್ಕು ಹೆಸರಿದ್ದ ಹುಡುಗನಿಗೆ ಮೇಷ್ಟ್ರು ಒಂದನ್ನು ಆರಿಸಿ ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಎಷ್ಟೋ ಸಲ ಅವರೇ ಹೊಸ ಹೆಸರು ಕೊಟ್ಟದ್ದೂ ಉಂಟು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1 ಎಂದು ಬರೆದರೂ ನಡೆಯುತ್ತಿದ್ದ ಕಾಲ ಅದು. ಮುಖ್ಯ ವಿಷಯ ಏನೆಂದರೆ, ಹೆಸರು ಗಟ್ಟಿಯಾಗಲು ಐದಾರು ವರ್ಷ ಸಮಯ ಸಿಗುತ್ತಿತ್ತು. ಅಷ್ಟರಲ್ಲಿ ಮನೆಯ ಮುನಿಸೂ ಇಳಿದಿರುತ್ತಿತ್ತು.

2023ರಲ್ಲಿ ಬದಲಾದದ್ದು

ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರದ್ದು. 2023ರಲ್ಲಿ ಸಂಸತ್ತು ಅದಕ್ಕೆ ತಿದ್ದುಪಡಿ ತಂದಿತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕ ಮತ್ತು ಸ್ಥಳದ ದಾಖಲೆ ಎಂದರೆ ಜನನ ಪ್ರಮಾಣಪತ್ರವೇ. ಶಾಲೆ ಪ್ರವೇಶ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಅದೇ ಬುನಾದಿ. 2025ರಲ್ಲಿ ಪಾಸ್‌ಪೋರ್ಟ್ ನಿಯಮವನ್ನೂ ಇದಕ್ಕೆ ಹೊಂದುವಂತೆ ತಿದ್ದಿದ್ದಾರೆ.

ಕಾನೂನು ಹೇಳುವುದು ಹುಟ್ಟಿದ ದಿನ ಮತ್ತು ಊರಿನ ಬಗ್ಗೆ ಮಾತ್ರ. "ಹೆಸರು ಬದಲಾಯಿಸಬಾರದು" ಎಂದು ತಿದ್ದುಪಡಿಯಲ್ಲಿ ಎಲ್ಲೂ ಇಲ್ಲ. ಆದರೆ ದಿನಾಂಕಕ್ಕೆ ಆಧಾರವಾದ ಕಾಗದದಲ್ಲಿ ಹೆಸರೂ ಇರುತ್ತದೆ. ಶಾಲೆಯ ಗುಮಾಸ್ತರು ಆ ಕಾಗದ ನೋಡಿಕೊಂಡೇ ಹೆಸರು ತುಂಬುತ್ತಾರೆ. ಆಧಾರ್‌ನಲ್ಲೂ ಅದೇ ಬರುತ್ತದೆ. ಮುಂದೆ ಬೇರೆ ಹೆಸರು ಬೇಕೆಂದರೆ ಒಂದೊಂದು ಕಡೆಯೂ ತಿದ್ದಿಸಬೇಕು. ಆಧಾರ್‌ನಲ್ಲಂತೂ ಹೆಸರು ತಿದ್ದಲು ಜೀವನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ಹೀಗೆ ಕಾನೂನು ಹೇಳದಿದ್ದರೂ ಹೆಸರು ತಾನಾಗಿಯೇ ಗಟ್ಟಿಯಾಗುತ್ತದೆ. ಮೇಷ್ಟ್ರ ಎರಡನೇ ನಾಮಕರಣ ಇಲ್ಲಿಗೆ ಮುಗಿಯಿತು.

ಸೇರಿಸುವುದು ಬೇರೆ, ತಿದ್ದುವುದು ಬೇರೆ, ಬದಲಾಯಿಸುವುದು ಬೇರೆ

ಜನರ ಗೊಂದಲದ ಬೇರು ಇಲ್ಲಿದೆ. ಮೂರು ಬೇರೆ ಕೆಲಸಗಳನ್ನು ಎಲ್ಲರೂ 'ಹೆಸರು ತಿದ್ದಿಸೋದು' ಎಂದೇ ಕರೆಯುತ್ತಾರೆ.

ಮೊದಲನೆಯದು ಸೇರಿಸುವುದು. ಹುಟ್ಟಿದ 21 ದಿನದೊಳಗೆ ಜನನವನ್ನು ನೋಂದಾಯಿಸಬೇಕು. ಅಷ್ಟರೊಳಗೆ ಹೆಸರೂ ಕೊಡಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ತಂದೆ, ತಾಯಿ ಅಥವಾ ಪೋಷಕರು ಹೆಸರು ತಿಳಿಸಿದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಅದಾದ ಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಐದನೇ ತಿಂಗಳಲ್ಲಿ, ಏಳನೇ ತಿಂಗಳಲ್ಲಿ ನಾಮಕರಣ ಮಾಡುವ ಮನೆಗಳಿಗೂ ಇದು ಸಾಕು.

ಎರಡನೆಯದು ತಿದ್ದುವುದು. 'ಮಂಜುನಾಥ' ಎನ್ನುವುದು 'ಮಂಜನಾಥ' ಆಗಿದ್ದರೆ, ಅಥವಾ ಯಾರೋ ಸುಳ್ಳು ಮಾಹಿತಿ ಕೊಟ್ಟಿದ್ದರೆ, 15ನೇ ಸೆಕ್ಷನ್ ಅಡಿ ಸರಿಪಡಿಸಬಹುದು. ಮೂಲ ಬರಹವನ್ನು ಅಳಿಸುವಂತಿಲ್ಲ. ಪಕ್ಕದ ಅಂಚಿನಲ್ಲಿ ಬರೆದು ಸಹಿ ಹಾಕಬೇಕು.

ಮೂರನೆಯದು ಬದಲಾಯಿಸುವುದು. ಮೊದಲು ಬರೆಸಿದ ಹೆಸರಿನಲ್ಲಿ ತಪ್ಪೇನೂ ಇಲ್ಲ, ಆದರೆ ಈಗ ಬೇರೆ ಹೆಸರು ಬೇಕು. ಇದಕ್ಕೆ ಕಾಯ್ದೆಯಲ್ಲಿ ದಾರಿಯೇ ಇಲ್ಲ. ಹಿಂದಿನ ಹೆಸರನ್ನು 'ತಪ್ಪು' ಎಂದು ಹೇಳಿದರೆ ಮಾತ್ರ 15ನೇ ಸೆಕ್ಷನ್ ಬಾಗಿಲು ತೆರೆಯುತ್ತದೆ. ತಾತನ ಹೆಸರು ಬಿಟ್ಟುಹೋಯಿತು ಎನ್ನುವುದು ತಪ್ಪಿನ ಲೆಕ್ಕಕ್ಕೆ ಬರುತ್ತದೆಯೇ? ನೋಂದಣಾಧಿಕಾರಿ ಇಲ್ಲ ಎನ್ನುತ್ತಾರೆ. ಕಾಯ್ದೆಯ ಮಾತು ಹಿಡಿದು ನೋಡಿದರೆ ಅವರು ಹೇಳುವುದು ಸರಿಯೇ.

ಹೈಕೋರ್ಟ್ ಮಾಡಿದ್ದೇನು?

ಕರ್ನಾಟಕ ಹೈಕೋರ್ಟ್ ಮುಂದೆ ಬಂದದ್ದು ಈ ಮೂರನೇ ಥರದ ಪ್ರಕರಣ. ಉಡುಪಿ ಜಿಲ್ಲೆಯ ದಂಪತಿ ತಮ್ಮ ಮಗುವಿಗೆ ಇಟ್ಟ ಹೆಸರು ಜ್ಯೋತಿಷ್ಯದ ಪ್ರಕಾರ ಹೊಂದುವುದಿಲ್ಲ, ಬದಲಾಯಿಸಿ ಎಂದು ಕೇಳಿದ್ದರು. ಅಧಿಕಾರಿಗಳು ಒಪ್ಪಿರಲಿಲ್ಲ. 2025ರ ಆರಂಭದಲ್ಲಿ ಹೈಕೋರ್ಟ್ ದಂಪತಿಯ ಪರ ತೀರ್ಪು ಕೊಟ್ಟಿತು. ಇಂಥ ಬದಲಾವಣೆಗೆ ಕಾಯ್ದೆಯಲ್ಲಿ ಅವಕಾಶ ಇರಬೇಕು ಎಂದು ರಾಜ್ಯ ಕಾನೂನು ಆಯೋಗ 2013ರಲ್ಲೇ ಶಿಫಾರಸು ಮಾಡಿದ್ದನ್ನು ನೆನಪಿಸಿತು. ಕಾನೂನು ಬದಲಾಗುವವರೆಗೆ ನಡೆಸಿಕೊಂಡು ಹೋಗಲು ಒಂದು ವಿಧಾನವನ್ನೂ ಹೇಳಿತು. ತಂದೆ ತಾಯಿ ಪ್ರಮಾಣ ಮಾಡಿದ ಅಫಿಡವಿಟ್ ಕೊಡಬೇಕು. ಅಧಿಕಾರಿ ಅವರ ಗುರುತು ಪರಿಶೀಲಿಸಬೇಕು. ಆಮೇಲೆ ದಾಖಲೆಯಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಇರುವಂತೆ ಟಿಪ್ಪಣಿ ಹಾಕಬೇಕು.

ಎರಡೂ ಹೆಸರು ಯಾಕೆ? ದುರುಪಯೋಗದ ಭಯ. ಹಳೆಯ ಹೆಸರನ್ನು ಪೂರ್ತಿ ಅಳಿಸಿದರೆ ಒಂದೇ ಮಗುವಿಗೆ ಎರಡು ಹೆಸರಲ್ಲಿ ಎರಡು ಬೇರೆ ಕಾಗದ ಓಡಾಡಬಹುದು. ಆಸ್ತಿ, ಪಾಲು, ವಯಸ್ಸಿನ ವ್ಯಾಜ್ಯಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಧಿಕಾರಿಗಳು ಬಿಗಿಯಾಗಿರುವುದಕ್ಕೂ ಇದೇ ಕಾರಣ. ಅವರನ್ನು ಸುಮ್ನೆ ಹಟಮಾರಿಗಳು ಎನ್ನುವುದು ಸರಿಯಲ್ಲ.

ಕೋರ್ಟು ಎಚ್ಚರಿಕೆಗಾಗಿ ಹೇಳಿದ ಈ ಎರಡು ಹೆಸರಿನ ಟಿಪ್ಪಣಿ ನಮ್ಮ ತೊಟ್ಟಿಲು ಶಾಸ್ತ್ರಕ್ಕೆ ಬಹಳ ಹತ್ತಿರ ಬಂದಿದೆ ಎಂದು ನನಗನ್ನಿಸುತ್ತದೆ. ಒಂದು ಮಗುವಿಗೆ ಎರಡು ಹೆಸರಿರಬಹುದು ಎಂದು ಸರ್ಕಾರಿ ಪುಸ್ತಕವೂ ಒಪ್ಪಿಕೊಂಡಂತಾಯಿತು. ಆದರೆ ಮನೆಯಲ್ಲಿ ಎರಡು ಹೆಸರೂ ಏಕಕಾಲಕ್ಕೆ ಬಳಕೆಯಲ್ಲಿದ್ದವು. ಇಲ್ಲಿ ಒಂದಕ್ಕೆ ಮಾತ್ರ ಚಲಾವಣೆ, ಇನ್ನೊಂದು ಬರೀ ನೆನಪು.

ಯಾರ ಹಿರಿಯರು?

'ಹಿರಿಯರ ಹೆಸರು' ಎನ್ನುವಾಗ ಸಾಮಾನ್ಯವಾಗಿ ಗಂಡನ ಕಡೆಯ ಹಿರಿಯರು ಎಂದೇ ಅರ್ಥ. ಕೋರ್ಟುಗಳು ಈಗ ಈ ಊಹೆಯನ್ನು ಕೆದಕುತ್ತಿವೆ.

2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ಪ್ರಕರಣ ಇತ್ಯರ್ಥ ಮಾಡಿತು. ಗಂಡ ತೀರಿಕೊಂಡ ಮೇಲೆ ತಾಯಿ ಮರುಮದುವೆಯಾಗಿದ್ದಳು. ಸತ್ತ ತಂದೆಯ ಅಪ್ಪ ಅಮ್ಮ ಮಗುವಿನ ಪೋಷಕತ್ವ ಕೇಳಿ ಕೋರ್ಟಿಗೆ ಹೋಗಿದ್ದರು. ಮಗುವಿಗೆ ಸತ್ತ ತಂದೆಯ ಮನೆತನದ ಹೆಸರೇ ಇರಬೇಕು ಎಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಂದೆ ಇಲ್ಲದಾಗ ತಾಯಿಯೇ ಸಹಜ ಪೋಷಕಿ, ಮನೆತನದ ಹೆಸರು ನಿರ್ಧರಿಸುವ ಹಕ್ಕು ಅವಳದು ಎಂದಿತು. ಅಂದರೆ ಅಜ್ಜ ಅಜ್ಜಿಯ ಮಾತಿಗೆ ಮನೆಯಲ್ಲಿ ಎಷ್ಟೇ ತೂಕ ಇದ್ದರೂ ಅದರ ಹೊರಗೆ ಕಾನೂನಿನ ಬಲ ಇಲ್ಲ.

ತಂದೆ ತಾಯಿ ಇಬ್ಬರೂ ಇದ್ದು ಒಪ್ಪದಿದ್ದರೆ? 2023ರಲ್ಲಿ ಕೇರಳ ಹೈಕೋರ್ಟ್ ಮುಂದೆ ಅಂಥದ್ದೇ ಬಂತು. ಬೇರೆ ಬೇರೆಯಾಗಿದ್ದ ಗಂಡ ಹೆಂಡತಿ ಒಂದೊಂದು ಹೆಸರು ಹಿಡಿದು ಕೂತಿದ್ದರು. ಪ್ರಮಾಣಪತ್ರದಲ್ಲಿ ಹೆಸರಿಲ್ಲ ಎಂದು ಮಗುವಿನ ಶಾಲೆಗೆ ತೊಂದರೆಯಾಯಿತು. ಕೊನೆಗೆ ಕೋರ್ಟೇ ಪೋಷಕರ ಜಾಗದಲ್ಲಿ ನಿಂತು ಹೆಸರಿಟ್ಟಿತು. ಮಗು ಇದ್ದದ್ದು ತಾಯಿಯ ಹತ್ತಿರ, ಹಾಗಾಗಿ ತಾಯಿ ಸೂಚಿಸಿದ ಹೆಸರು. ತಂದೆ ಯಾರೆಂಬುದರಲ್ಲಿ ತಕರಾರಿಲ್ಲ, ಹಾಗಾಗಿ ಅದರ ಜೊತೆಗೆ ತಂದೆಯ ಹೆಸರು. ಕರ್ನಾಟಕದಲ್ಲೂ 2024ರ ಕೊನೆಗೆ ಹುಣಸೂರಿನ ಕೋರ್ಟು ಹೆಸರಿಗಾಗಿ ಮುನಿಸಿಕೊಂಡಿದ್ದ ದಂಪತಿಯ ಮಗುವಿಗೆ ಹೆಸರು ಸೂಚಿಸಿ ಅವರನ್ನು ಒಂದು ಮಾಡಿತು.

ಮಹಾರಾಷ್ಟ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಬೆಳಗಾವಿ ಕಡೆ ಗಡಿಯಾಚೆ ನಂಟು ಇರುವ ಮನೆಗಳಲ್ಲಿ ಅಣ್ಣ ತಮ್ಮಂದಿರ ಮಕ್ಕಳ ಹೆಸರಿನ ಕ್ರಮ ಎರಡು ಥರ ಇರುವುದು ಇನ್ನು ಸಾಮಾನ್ಯವಾಗಬಹುದು.

ಅಜ್ಜಿಯ ಹೆಸರಿನ ಕಥೆ ಇನ್ನೂ ತೊಡಕಿನದು. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಸೊಸೆಗೆ ಹೊಸ ಹೆಸರು ಕೊಡುತ್ತಿದ್ದರು. ಹಾಗಾದರೆ ಮೊಮ್ಮಗಳಿಗೆ ಇಡಬೇಕಾದದ್ದು ಯಾವುದು? ತವರಿನಲ್ಲಿ ಇಟ್ಟದ್ದೋ, ಗಂಡನ ಮನೆಯಲ್ಲಿ ಕೊಟ್ಟದ್ದೋ? ಹೆಚ್ಚಿನ ಮನೆಗಳಲ್ಲಿ ಉಳಿದದ್ದು ಎರಡನೆಯದೇ. ತವರಿನ ಹೆಸರು ಆಕೆಯ ಜೊತೆಗೇ ಹೋಯಿತು.

ಮುಂದಿನ ಜಾಗದಿಂದ ಹಿಂದಿನ ಜಾಗಕ್ಕೆ

ಈಗಿನ ಮಕ್ಕಳಿಗೆ ಯಾರೂ ಹಿರಿಯರ ಹೆಸರಿಡುವುದಿಲ್ಲ ಎಂಬ ದೂರು ಕೇಳುತ್ತಲೇ ಇರುತ್ತದೆ. ಪೂರ್ತಿ ನಿಜ ಅಲ್ಲ. ಹಿರಿಯರ ಹೆಸರು ಜಾಗ ಬದಲಾಯಿಸಿದೆ.

ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಬಿಡಿಸಿ ಬರೆಯಬೇಕು, 'ಸರ್‌ನೇಮ್' ಎಂಬ ಕಾಲಂ ತುಂಬಬೇಕು. ಖಾಲಿ ಬಿಟ್ಟರೆ ಮುಂದೆ ಪೇಚು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರಿಗೆ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಎಂದು ಅಚ್ಚಾಗುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ತಂದೆಯ ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ಸಾಕು ಎಂದು ಆಮೇಲೆ ಸಡಿಲ ಮಾಡಿದರು. ಆದರೆ ಆ ಸುದ್ದಿಯ ಗಾಬರಿ ಉಳಿದುಕೊಂಡಿತು.

ಹಾಗಾಗಿ ಮಗುವಿಗೆ ಹೊಸ ಥರದ ಚಿಕ್ಕ ಹೆಸರು, ಹಿಂದೆ ಅಪ್ಪನ ಅಥವಾ ತಾತನ ಹೆಸರು. 'ಆರವ್ ರಂಗನಾಥ್' ಅನ್ನುವ ಥರ. ತಾಯಿಗೆ ಬೇಕಾದ ಹೆಸರೂ ಬಂತು, ಮನೆಯ ಹೆಸರೂ ಉಳಿಯಿತು. ಹಳೆಯ ಜಾಣತನವೇ ಇದು, ಫಾರಂಗೆ ಹೊಂದಿಕೊಂಡಿದೆ ಅಷ್ಟೇ.

ಆದರೆ ಒಂದು ವ್ಯತ್ಯಾಸ ಇದೆ. ಮುಂದಿನ ಜಾಗದಲ್ಲಿದ್ದ ಹೆಸರು ಸುತ್ತುತ್ತಿತ್ತು. ತಾತನಿಂದ ಮೊಮ್ಮಗನಿಗೆ, ಅವನಿಂದ ಅವನ ಮೊಮ್ಮಗನಿಗೆ. ಹಿಂದಿನ ಜಾಗಕ್ಕೆ ಹೋದ ಹೆಸರು ನಿಂತುಬಿಡುತ್ತದೆ. ಹೊರದೇಶದಲ್ಲಿ ನೆಲೆಸಿದ ಆರವ್‌ನ ಮಕ್ಕಳೂ 'ರಂಗನಾಥ್', ಮೊಮ್ಮಕ್ಕಳೂ 'ರಂಗನಾಥ್'. ಒಬ್ಬ ತಾತ ಇಡೀ ವಂಶದ ಹಣೆಪಟ್ಟಿಯಾಗುತ್ತಾನೆ, ಉಳಿದ ಹಿರಿಯರೆಲ್ಲ ಕಾಗದದಿಂದ ಹೊರಗೆ.

ಕೊಡವರಿಗೆ ಈ ಕಾಲಂ ಬೇರೆಯದೇ ತಲೆನೋವು. ಅವರಲ್ಲಿ ಮನೆತನದ ಹೆಸರು ಮೊದಲೇ ಬರುತ್ತದೆ, ಆಮೇಲೆ ತಂದೆಯದು, ಕೊನೆಗೆ ತನ್ನದು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಕೊಡಂದೇರ ಮನೆಯ, ಮಾದಪ್ಪನವರ ಮಗ ಕಾರ್ಯಪ್ಪ. ಕೊನೆಯ ಪದವೇ ಸರ್‌ನೇಮ್ ಎಂದು ತಿಳಿಯುವ ಕಂಪ್ಯೂಟರಿಗೆ ಇದು ತಲೆಕೆಳಗು.

ಇನ್ನೇನಾಗಬಹುದು?

ಒಂದು, ಹೆಸರಿನ ಜಗಳ ಮೊದಲಿಗಿಂತ ಬೇಗ ಕಚೇರಿ ಮೆಟ್ಟಿಲು ಹತ್ತುತ್ತದೆ. ಐದಾರು ವರ್ಷದ ಬಿಡುವು ಹೋಗಿ ಕೆಲವೇ ತಿಂಗಳು ಉಳಿದಿವೆ. ಆಧಾರ್ ಬೇಗ ಬೇಕು, ಪಾಸ್‌ಪೋರ್ಟ್ ಬೇಗ ಬೇಕು ಎಂದು ಆಸ್ಪತ್ರೆಯ ಫಾರಂನಲ್ಲೇ ತೋಚಿದ ಹೆಸರು ಬರೆದುಕೊಟ್ಟು ಆಮೇಲೆ ಪರದಾಡುವವರೂ ಜಾಸ್ತಿಯಾಗುತ್ತಾರೆ. ಕೊಟ್ಟ ಹೆಸರನ್ನು ಬದಲಾಯಿಸುವುದಕ್ಕಿಂತ ಖಾಲಿ ಕಾಲಂಗೆ ಹೆಸರು ಸೇರಿಸುವುದು ಎಷ್ಟೋ ಸುಲಭ. ಮನೆಯಲ್ಲಿ ಮಾತುಕತೆ ಮುಗಿದಿಲ್ಲ ಎಂದಾದರೆ ನೋಂದಣಿ ಮಾಡಿಸಿ ಹೆಸರು ಬಿಡುವುದೇ ಲೇಸು.

ಇನ್ನೊಂದು, ಹೈಕೋರ್ಟಿನ ದಾರಿ ತಾತ್ಕಾಲಿಕ. ಕಾಯ್ದೆಯಲ್ಲಿ ಅದು ಸೇರುವವರೆಗೆ ಒಂದೊಂದು ಕಚೇರಿ ಒಂದೊಂದು ಥರ ನಡೆದುಕೊಳ್ಳುವ ಸಾಧ್ಯತೆ ಇದೆ. ಆದೇಶದ ಪ್ರತಿ ಕೈಯಲ್ಲಿ ಹಿಡಿದೇ ಹೋಗಬೇಕಾಗಬಹುದು. ಅಫಿಡವಿಟ್ ಕೊಡಬೇಕಾದವರು ತಂದೆ ತಾಯಿ. ಅವರಲ್ಲೇ ಒಮ್ಮತ ಇಲ್ಲದಿದ್ದರೆ ಈ ದಾರಿಯೂ ಕೆಲಸಕ್ಕೆ ಬರುವುದು ಕಷ್ಟ, ಮತ್ತೆ ಕೋರ್ಟೇ ಗತಿ.

ಮಗುವಿನ ಮಾತು? ಅದು ಕೊನೆಗೆ ಬರುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಅಂಕಪಟ್ಟಿಯ ಹೆಸರು ಬದಲಾವಣೆ ಕುರಿತ ಪ್ರಕರಣದಲ್ಲಿ, ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲೆ ಅವರಿಗೆ ಹಿಡಿತ ಇರಬೇಕು ಎಂದು ಹೇಳಿದೆ. 2023ರ ಅಕ್ಟೋಬರ್ ನಂತರ ಹುಟ್ಟಿದ ಮೊದಲ ಮಕ್ಕಳಿಗೆ 18 ತುಂಬುವುದು 2041ರಲ್ಲಿ. ಆಗ ಅವರಲ್ಲಿ ಎಷ್ಟು ಜನ 'ಆರವ್' ಬಿಟ್ಟು 'ರಂಗನಾಥ' ಬೇಕು ಎಂದು ಅರ್ಜಿ ಹಾಕುತ್ತಾರೋ, ಎಷ್ಟು ಜನ 'ರಂಗನಾಥ' ಬಿಟ್ಟು 'ಆರವ್' ಕೇಳುತ್ತಾರೋ, ಅವರ ಹಳೆಯ ಹೆಸರಂತೂ ಅಂಚಿನ ಟಿಪ್ಪಣಿಯಲ್ಲಿ ಇದ್ದೇ ಇರುತ್ತದೆ.